ಕೇಳುವವರಿಲ್ಲ

ಕೇಳುವವರಿಲ್ಲ. ನಾಯಿಗೆ ಇಂಥ ಹೆಸರೇ ಎಂದು ನಕ್ಕವರುಂಟು.
ಪಕ್ಕದ ಮನೆಯ ಮಂಗರಾಲನ ಕಿವಿಗೆಂದೇ
ನನ್ನ ಗಂಡ ಇಟ್ಟದ್ದು. ಬಲೆಯ ಜಗಳ, ಹಳೆಯದು.
ದಿನಾ ಸಂಜೆ ಬೇಲಿಯತ್ತ ಮುಖಮಾಡಿ ಕೂಗುತ್ತಿದ್ದ,
ಬಾಲವಾಡಿಸುತ್ತ ನೀನು ಓಡಿ ಬರುತ್ತಿದ್ದೆ.

ಈಗ ಹುಣಸೆಮರ, ಸರಪಳಿ,
ಇಂದಿಗೆ ಹನ್ನೊಂದು ದಿನ.
ಹಿಂಗಾಲ ಗುಳ್ಳೆ ಒಡೆದು ಬಿಳಿದಾರ ಇಣುಕಿತ್ತು
ಹೊಲಿದವರು ಕತ್ತರಿಸಲು ಮರೆತ ಹಾಗೆ.
ಶಾರಿ ನದಿಯ ಮೀನು ಸೀಳಿ ಎಸೆದ ಕರುಳು
ನೀನು ನುಂಗಿದ್ದು ಹೋದ ವರ್ಷ.
ಎಸೆದವಳು ನಾನೇ.
ಈಗ ಗುಂಡಿ ತೋಡಿ ಹೂಳುತ್ತೇನೆ, ಮೊಣಕೈ ಆಳ.

ಸೈಕಲ್ಲಿನಲ್ಲಿ ಬರುತ್ತಾನೆ ಆರೋಗ್ಯದ ಹುಡುಗ ಜಿಮಾಡೂಮ್,
ಕಡ್ಡಿಗೆ ಸುತ್ತುತ್ತಾನೆ ದಿನಕ್ಕೆರಡು ಬೆರಳು.
ಎಳೆದರೆ ಒಳಗೇ ಹರಿದೀತಮ್ಮ, ಎನ್ನುತ್ತಾನೆ.
ನನಗೆ ಹೇಳಬೇಕೆ?
ನೋಡು ಈ ಹರಡಿನ ಕಲೆ.
ಒಂಬತ್ತು ತುಂಬಿತ್ತು. ಅವ್ವ ಬೆಣ್ಣೆ ಸವರಿ
ಬೆಂಕಿಕಡ್ಡಿಗೆ ಸುತ್ತುತ್ತಿದ್ದಳು, ತುಟಿ ಕಚ್ಚಿಕೊಂಡು.

ಕೊಳಕ್ಕೆ ಇಳಿದೀಯ, ಜೋಕೆ, ಅಂದಿದ್ದಳು.
ಕಾಲೊಳಗೆ ಕೆಂಡ. ನಡುರಾತ್ರಿ ತೆವಳಿಕೊಂಡು ಹೋದೆ.
ನೀರು ಮುಟ್ಟಿದ್ದೇ ತಡ, ಅಬ್ಬಾ, ಆ ತಂಪು!
ಹುಳು ತನ್ನ ಹಾಲಿನಂಥ ಮರಿಗಳನ್ನು
ಊರು ಕುಡಿಯುವ ನೀರಿಗೆ ಸುರಿಯುತ್ತಿತ್ತು,
ನಾನು ಚುಕ್ಕಿ ಎಣಿಸುತ್ತಿದ್ದೆ.
ಮರುವರ್ಷ ಹದಿನಾಲ್ಕು ಮನೆ ಚಾಪೆ ಹಿಡಿದವು,
ಜೋಳ ಕೊಯ್ಯುವವರಿಲ್ಲದೆ ಹೊಲದಲ್ಲೇ ಉದುರಿತು.
ತಮ್ಮನ ಎಡ ಮಂಡಿ
ಆಮೇಲೆ ಮಡಚಲೇ ಇಲ್ಲ.

ಯಾರಿಗೂ ಹೇಳಿಲ್ಲ ಇದನ್ನು.
ಗಂಡನಿಗೂ, ಸಾಯುವಾಗ ಅವ್ವನಿಗೂ.
ನಿನಗೆ ಹೇಳಬಹುದು, ನಿನ್ನ ಹೆಸರೇ ಹಾಗಿದೆಯಲ್ಲ.

ಊಳಿಡು, ಸರಪಳಿ ಕಡಿ, ನನ್ನ ಕೈಯನ್ನೇ ಕಚ್ಚು,
ಬಿಡುವವಳಲ್ಲ.
ಇಗೋ ಬಕೀಟು, ಕಾಲು ಅದ್ದು. ಹ್ಞೂಂ, ಹಾಗೆ.
ಆ ತಂಪು ನಿನಗೂ ಸಿಗಲಿ.
ನೀರನ್ನು ಕೊಳಕ್ಕೆ ಬೆನ್ನುಮಾಡಿ ಹೋಗಿ
ಕಾದ ಮರಳಿಗೆ ಚೆಲ್ಲಿ ಬರುತ್ತೇನೆ.
ಮರಳು ಚುಂಯ್ ಎಂದು ಹೀರಿಬಿಡುತ್ತದೆ.

ನಿನ್ನೆ ಸಂಜೆ ಮಂಗರಾಲ ಬೇಲಿಯಾಚೆ ನಿಂತಿದ್ದ,
ಎಷ್ಟೋ ಹೊತ್ತು.
ಅವನ ನಾಯಿಯ ಮುಂಗಾಲೂ ಊದಿದೆಯಂತೆ.
ಇನ್ನೊಂದು ಸರಪಳಿ ಇದೆಯಾ, ಕೇಳಿದ,
ನನ್ನನ್ನಲ್ಲ,
ನಿನ್ನನ್ನು ನೋಡುತ್ತ.