ಮೊದಲ ಕಾವಿಗೆ ಮುನ್ನ

ಮುಹರಕ್ಕಿನಲ್ಲಿ ಆಗಸ್ಟಿನ ಗಾಳಿಯನ್ನು ಹಿಂಡಿದರೆ
ಉಪ್ಪುನೀರು ಇಳಿಯುತ್ತದೆ.
ಶಟರ್ ಎತ್ತುವ ಹೊತ್ತಿಗೇ ಬೀಗ ಬೆವೆತಿರುತ್ತದೆ,
ಸ್ಪ್ಯಾನರುಗಳ ಹಲಗೆ ಬೆವೆತಿರುತ್ತದೆ,
ನಿನ್ನೆ ಉಜ್ಜಿಟ್ಟ ಬೋಲ್ಟಿನ ತಲೆಗೆ
ಯಾರೋ ಅರಿಶಿನ ಸವರಿದ ಹಾಗೆ, ಆಗಲೇ.

ತುಕ್ಕಿಗೆ ಇಲ್ಲಿ ಶುಕ್ರವಾರವೂ ರಜೆಯಿಲ್ಲ.

ಫವಾಜ್ ಬಂದ, ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು.
ಒಳಗೆ ಹೊಸ ಸೈಲೆನ್ಸರ್. ಹೆಸರು ಮಾತ್ರ ಸೈಲೆನ್ಸರ್,
ಊರೆಬ್ಬಿಸುವುದೇ ಅದರ ಕಸುಬು.
"ಅಪ್ಪಟ ಸ್ಟೇನ್‌ಲೆಸ್" ಅಂದ.
ಫ್ರಿಜ್ಜಿನಿಂದ ಕಿತ್ತ ಮಾವಿನಹಣ್ಣಿನ ಆಯಸ್ಕಾಂತ
ನನ್ನ ಜೇಬಲ್ಲಿ ಇದ್ದೇ ಇರುತ್ತದೆ.
ಮುಟ್ಟಿಸಿದೆ. ಟಕ್ಕನೆ ಕಚ್ಚಿತು.
ಅಂಟುವ ಸ್ಟೇನ್‌ಲೆಸ್ಸೂ ಉಂಟು, ಸುಳ್ಳು ಹೇಳಲಾರೆ;
ಆದರೆ ಇದರ ಬೆಸುಗೆಯ ಗೆರೆ
ಪೆಟ್ಟಿಗೆಯೊಳಗೇ ಕೆಂಪಗಾಗಿತ್ತು.
ಬಿಚ್ಚಿಟ್ಟ ಕಂಪನಿಯ ಹಳೇ ಕೊಳವೆಗೋ
ಮಾವಿನಹಣ್ಣು ಅಂಟಲಿಲ್ಲ, ಜಾರಿ ನೆಲಕ್ಕೆ ಬಿತ್ತು.
ಹೇಳಿದೆ. ನಕ್ಕ.
ಹಳೆಯದು ನಿನಗೇ ಇರಲಿ, ಅಂದ.

ನನ್ನಪ್ಪ ದಾವಲಸಾಬ ಬೆಟಗೇರಿಯ ಓಣಿಗಳಲ್ಲಿ
ಕಲಾಯಿ ಹಾಕುತ್ತಿದ್ದ.
ತವರು ಅಂದರೆ ಎಲ್ಲರಿಗೂ ಊರು; ನನಗೆ
ತವರ, ಅವನ ಚೀಲದ ಬಿಳೀ ಕಡ್ಡಿ.
ಹಂಡೆ ಕಾಯಿಸಿ, ನವಸಾಗರ ಉದುರಿಸಿ,
ಅರಳೆಯಲ್ಲಿ ಒಂದೇ ಸುತ್ತು.
ಹೊಗೆ ಹೋದರೆ ತಳದಲ್ಲಿ ನಮ್ಮ ಮುಖ.
"ಕಬ್ಬಣ ಕಾದಾಗ ಬಡೀಬೇಕಂತ ಎಲ್ಲಾರೂ ಹೇಳ್ತಾರ,
ಕಾಯೂಕಿಂತ ಮೊದಲ ಒರಸಬೇಕಂತ
ಯಾರೂ ಹೇಳೂದಿಲ್ಲ" ಅನ್ನುತ್ತಿದ್ದ.

ಅದನ್ನೇ ಮಾಡುತ್ತೇನೆ. ಹೊಸ ಕೊಳವೆ ಕೂರಿಸಿ
ಚಾಲೂ ಮಾಡುವ ಮುಂಚೆ
ಸ್ಪಿರಿಟ್ಟಿನ ಬಟ್ಟೆಯಲ್ಲಿ ಮೂರು ಸಲ.
ಇಲ್ಲವಾದರೆ ಬೆರಳಿನ ಜಿಡ್ಡು ಮೊದಲ ಕಾವಿಗೆ ಬೆಂದು
ಉಕ್ಕಿನಲ್ಲೇ ಕೂತುಬಿಡುತ್ತದೆ, ಹಚ್ಚೆಯ ಹಾಗೆ.
ಕೆಳಗೆ, ಬಾಗಿದ ಕಡೆ, ನೀರಿಳಿಯಲು
ಎರಡು ಮಿಲಿಮೀಟರಿನ ತೂತು.
ತೊಳೆಯುವುದು ಸಿಹಿನೀರಲ್ಲೇ.
ಬಂದರಿನ ಕಡೆ ಹೋಗಿಬಂದ ರಾತ್ರಿ ಸೋಮಾರಿತನ ಬೇಡ.

ಹೋದ ತಿಂಗಳು ಗುರುತಿನ ಚೀಟಿಯ ಕಚೇರಿಯಲ್ಲಿ
ಯಂತ್ರ ನನ್ನ ಹತ್ತೂ ಬೆರಳನ್ನು ಒಪ್ಪಲಿಲ್ಲ.
ಇಪ್ಪತ್ತೆರಡು ವರ್ಷ ತಂತಿಬ್ರಷ್ಷು, ಆಸಿಡ್ಡು;
ಗೆರೆಗಳೆಲ್ಲ ಯಾರ್ಯಾರದೋ ಗಾಡಿ ಹತ್ತಿ ಹೋಗಿವೆ.
"ಇನ್ನೊಮ್ಮೆ ಒತ್ತಿ" ಅಂದಳು ಹುಡುಗಿ,
ಬೇಸರವಿಲ್ಲದೆ, ಐದು ಸಲ.

ರಾತ್ರಿ ಹನ್ನೊಂದಕ್ಕೆ ದುರುಗಪ್ಪ, ಲಿಂಗಸುಗೂರಿನವ,
ಬೆನ್ನ ಹಿಂದೆ ಬಿರಿಯಾನಿಯ ಪೆಟ್ಟಿಗೆ.
ಅವನ ಗಾಡಿಯೂ ಊರೆಬ್ಬಿಸುತ್ತಿತ್ತು, ಪುಕ್ಕಟೆಯಾಗಿ.
"ಕೂಸು ಎದ್ದೈತಂತ ಮೂರು ಮನಿಯವ್ರು ಫೋನ್ ಮಾಡ್ಯಾರ,
ಕಂಪನಿಯವ್ರು ರೊಕ್ಕ ಹಿಡೀತಾರ.
ಹೆಂಗರ ಮಾಡಿ ಇದರ ಬಾಯಿ ಮುಚ್ಚಸು ಮಾಬುಸಾ."

ಮೇಲೆ ಬಣ್ಣ ಚೆನ್ನಾಗೇ ಇತ್ತು.
ಸ್ಕ್ರೂಡ್ರೈವರ್ ತಾಗಿಸಿದೆ, ಹಪ್ಪಳ ಮುರಿದಂತೆ ಒಳಗೆ ಹೋಯಿತು.
ಇದು ಹೊರಗಿನಿಂದ ಬಂದ ತುಕ್ಕಲ್ಲ.
ಪೆಟ್ರೋಲು ಉರಿದರೂ ನೀರು ಹುಟ್ಟುತ್ತದೆ,
ಕೊಳವೆ ಚೆನ್ನಾಗಿ ಕಾದರೆ ಆವಿಯಾಗಿ ಹೊರಟುಹೋಗುತ್ತದೆ.
ಇವನದೋ ಹೋಟೆಲಿನಿಂದ ಲಿಫ್ಟಿಗೆ,
ಲಿಫ್ಟಿನಿಂದ ಹೋಟೆಲಿಗೆ, ಎರಡೆರಡೇ ಕಿಲೋಮೀಟರು.
ಕಾಯುವಷ್ಟರಲ್ಲಿ ಆರಿಸುತ್ತಾನೆ.
"ವಾರಕ್ಕೊಮ್ಮೆ ಅರ್ಧ ತಾಸು ನಿಲ್ಲಿಸದಂಗ ಓಡಸು" ಅಂದೆ.
"ಎಲ್ಲಿಗೆ?" ಅಂದ.

ನನಗೂ ಹೊಳೆಯಲಿಲ್ಲ.
ದ್ವೀಪ ಇದು.

ಫವಾಜನ ಹಳೇ ಕೊಳವೆಯಿಂದ ಅಂಗೈಯಗಲ ಕತ್ತರಿಸಿ
ತೇಪೆ ಇಟ್ಟು ಬೆಸೆದೆ. ಕಣ್ಣು ಎಳೆಯುತ್ತಿತ್ತು.
ಒರೆಸುವುದು ಮರೆತೆ.
ಎಂಜಿನ್ ಐದು ನಿಮಿಷ ಉರಿಯಿತು.
ತೇಪೆ ಬೆಲ್ಲದ ಬಣ್ಣಕ್ಕೆ ತಿರುಗಿತು, ಅಂಚಿಗೆ ನೀಲಿ.
ನಡುವೆ, ನಿಧಾನವಾಗಿ, ಒಂದು ಹೆಬ್ಬೆಟ್ಟು:
ಎರಡೂವರೆ ಗೆರೆ, ಹಳೇ ಗಾಯದ ಒಂದು ಗೀಟು,
ಉಳಿದದ್ದೆಲ್ಲ ಬಯಲು.

"ಯಾರದಿದು ಹೆಬ್ಬಟ್ಟು?"
"ರಸೀತಿ ಅನಕೋ" ಅಂದೆ.

ಅರ್ಧ ದಿನಾರ್ ಬಾಕಿ ಇಟ್ಟು ಹೋದ.
ತಿರುವಿನವರೆಗೂ ಕಿವಿಗೊಟ್ಟು ನಿಂತೆ.
ಏನೂ ಕೇಳಿಸಲಿಲ್ಲ.