ಹದಿನೈದು ನಿಮಿಷ

ಮಗಳ ಮುಂಗೈ ಮೇಲೆ ನೀಲಿ ಪೆನ್ನಿನಲ್ಲಿ
ಒಂದರಿಂದ ಹನ್ನೆರಡು.
ಅಂಕಿಗೊಂದು ಹನಿ, ಹನಿಗೊಂದು ಚುಚ್ಚು.
"ಹದಿನೈದು ನಿಮಿಷ ಕೂಡ್ರಿ,
ಕೆರಕೊಳ್ಳಲಕ್ಕ ಬಿಡಬ್ಯಾಡ್ರಿ."
ನರ್ಸು ಗೋಡೆ ಗಡಿಯಾರ ತೋರಿಸಿ ಹೋದಳು.

ಹೊರಗೆ ಸೂಪರ್ ಮಾರ್ಕೆಟಿನ ಆಟೋಗಳ ಗದ್ದಲ.
ಒಳಗೆ ಪ್ರಣತಿ, ಕೈಯನ್ನು ತುಂಬಿದ ತಟ್ಟೆಯಂತೆ ಹಿಡಿದು,
ತುಳುಕದ ಹಾಗೆ ಕೂತಿದ್ದಾಳೆ.

ಏಳು ತಿಂಗಳಿಗೇ ಹೊಟ್ಟೆ ಕೊಯ್ದು ತೆಗೆದ ಕೂಸು.
ಗಾಜಿನ ಪೆಟ್ಟಿಗೆಯಲ್ಲಿ ಇಪ್ಪತ್ತೆರಡು ದಿನ.
ಮನೆಗೆ ತಂದ ಮೇಲೂ ಪೆಟ್ಟಿಗೆಯ ಮುಚ್ಚಳ ನಾನು ತೆರೆಯಲಿಲ್ಲ:
ಶಾಬಾದಿ ಕಲ್ಲಿನ ನೆಲಕ್ಕೆ ದಿನಕ್ಕೆ ಮೂರು ಸಲ ಫಿನಾಯಿಲ್,
ಚಮಚ ಕುದಿಸಿದೆ, ಗಿಲಕಿ ಕುದಿಸಿದೆ,
ಬಂದವರ ಕೈ ಕುದಿಸಲಾಗದ್ದಕ್ಕೆ
ಬಂದವರನ್ನೇ ಬಾಗಿಲಲ್ಲಿ ನಿಲ್ಲಿಸಿದೆ.

ಹಿತ್ತಿಲ ಗೋಡೆಯಾಚೆಯ ಖುರ್ಷೀದಬೀ,
ಎರಡು ಆಡು ಸಾಕಿದವಳು, ಸೆರಗಿಗೆಲ್ಲ ಹಿಕ್ಕೆಯ ವಾಸನೆ,
ಒಮ್ಮೆ ಎತ್ತಿಕೊಳ್ಳಲು ಕೈ ಚಾಚಿದಳು.
"ಈಗರೆ ಮಲಗ್ಯಾಳ" ಅಂದೆ.
ಕೂಸು ನನ್ನ ಹೆಗಲ ಮೇಲಿಂದ
ಕಣ್ಣರಳಿಸಿ ಅವಳನ್ನೇ ನೋಡುತ್ತಿತ್ತು.

ನಾಲ್ಕನೇ ಅಂಕಿಯ ಬಳಿ ಕೆಂಪೇರುತ್ತಿದೆ.

ನಮ್ಮವರ ದಾಲ್ ಮಿಲ್ಲಿಗೆ ಹೋದ ಸುಗ್ಗಿಯಲ್ಲಿ
ಹೊಸ ವಾಚ್‌ಮನ್ ಬಂದಿದ್ದ. ಒಬ್ಬರ ಮುಖವೂ ಗುರುತಿಲ್ಲ.
ಮೊದಲ ರಾತ್ರಿಯೇ ಮಾಲಕರ ಅಳಿಯನ ಕಾಲರ್ ಹಿಡಿದ,
ಹಮಾಲರಿಗೆ ಬುತ್ತಿ ತಂದ ಮುದುಕಿಗೆ ಬಡಿಗೆ ಎತ್ತಿದ.
ಎಲ್ಲರೂ ನಕ್ಕರು. ನಾನೂ ನಕ್ಕಿದ್ದೆ.
ಇವತ್ತು ಡಾಕ್ಟರು ಹೇಳುವಾಗ ಅವನೇ ನೆನಪಾದ:
ಎಳವೆಯಲ್ಲಿ ಸೂಕ್ಷ್ಮಜೀವಿಗಳ ಸಂತೆ ಕಾಣದ ಮೈ
ಕಳ್ಳ ಯಾರು ನೆಂಟ ಯಾರು ಕಲಿಯದೆ
ಅಪ್ಪನ ಅಂಗಿಯ ತೊಗರಿ ಧೂಳಿಗೂ ಹೆದರಿ ಕಾದಾಡುತ್ತದಂತೆ.
"ಇದೇ ಕಾರಣ ಅಂತಲ್ಲರಿ. ಇರಬಹುದು, ಅಷ್ಟೇ."

ಆ 'ಇರಬಹುದು' ಹಿಡಿದು ಜೋತುಬಿದ್ದೆ.
ಅಕ್ಕನ ಮಗ, ಚಿಂಚೋಳಿಯಲ್ಲಿ
ಎಮ್ಮೆಯ ಕಾಲಸಂದಿಯಲ್ಲೇ ಅಂಬೆಗಾಲಿಟ್ಟವನು,
ಅವನಿಗೂ ಚಳಿ ಬಿದ್ದರೆ ದಮ್ಮು.
ನೆನೆದು ಒಂದು ಗಳಿಗೆ ಹಗುರಾದೆ.
ಆಮೇಲೆ ನಾಚಿಕೆಯಾಯಿತು,
ಆ ಹುಡುಗನ ಏದುಸಿರಲ್ಲಿ
ನಾನು ನೆರಳು ಹುಡುಕಿದ್ದಕ್ಕೆ.

ಹದಿನೈದಾಯಿತು. ನರ್ಸು ಸ್ಕೇಲಿಟ್ಟು ಅಳೆದಳು.
ನಾಲ್ಕು. ಒಂಬತ್ತು. ಕಾಳಿನಷ್ಟು ಉಬ್ಬಿದ ಎರಡು ಗುಳ್ಳೆ.
ಹನ್ನೊಂದರ ಹತ್ತಿರ ಏನೂ ಇಲ್ಲ,
ಬರೀ ಚರ್ಮ, ನೀಲಿ ಶಾಯಿ.

"ಹನ್ನೊಂದು ಯಾವುದವ್ವಾ?"
"ಆಡಿನ ಕೂದಲು."
"ಆಡು ಎಲ್ಲದ?"

ಖುರ್ಷೀದಬೀ ಆಡು ಮಾರಿ
ಮಗಳ ಊರಿಗೆ ಹೋಗಿ ಎರಡು ವರ್ಷ.
ಹೋಗುವ ದಿನವೂ
ಅವಳು ಗೋಡೆಯಾಚೆಯಿಂದಲೇ ಕೈ ಬೀಸಿದ್ದಳು.