ಕಕ್ಕಡ ಹದಿನೆಂಟು

ಹತ್ತೊಂಬೈನೂರ ಹದಿನಾಲ್ಕು. ವೀರಾಜಪೇಟೆಯ ತಂತಿ ಆಫೀಸಿಗೆ
ಆ ದಿನ ಬಂದದ್ದು ಒಂದೇ ತಂತಿ:
ಮಳೆ ನಿಂತೊಡನೆ ತಲಚೇರಿಯಿಂದ ಹಡಗು,
ತ್ರಿಯೆಸ್ತೆಗೆ ಇನ್ನೂರು ಮೂಟೆ ಕಾಫಿ, ದರ ಹಳೆಯದೇ.
ಗುಮಾಸ್ತ ಸಲ್ದಾನ ಪೆನ್ಸಿಲ್ ಕಿವಿಗೆ ಸಿಕ್ಕಿಸಿ
ಯಾರೋ ಕಳಿಸಿದ ಮದ್ದುಸೊಪ್ಪಿನ ಪಾಯಸ ಉಂಡ.
ಮರುದಿನ ಊರಲ್ಲಿ ಕೆಂಪಾದದ್ದು
ಅವನ ಉಚ್ಚೆಯೊಂದೇ.

ವಿಯೆನ್ನಾದ ಮುದಿಮನೆ ಆಗಲೇ ಬಿರುಕು ಬಿಟ್ಟಿತ್ತಂತೆ.
ಹನ್ನೊಂದು ಭಾಷೆಯಲ್ಲಿ ಜಗಳವಾಡಿ, ಫಿರಂಗಿಗೆ ಎಣ್ಣೆ ಹಚ್ಚಿ,
ಕೊನೆಗೆ, ಬುದ್ಧಿಯಿರುವ ಪಟ್ಟೇದಾರನ ಹಾಗೆ,
ಬೀಗದ ಕೈ ಗೊಂಚಲು ಚಾಪೆಯ ಮೇಲಿಟ್ಟು ಅಂದಿತು:
'ಪಾಲು ಮಾಡಿಕೊಳ್ಳಿ. ದೀಪ ಮಾತ್ರ ಒಂದೇ ಇರಲಿ.'
ಅಷ್ಟೆ.
ಮೀಸೆ ಮಣ್ಣಾಯಿತು, ಮಕ್ಕಳು ಉಳಿದರು.

ಬಸ್ರಾ ಯಾವ ದಿಕ್ಕಿಗೆ ಎಂಬುದು
ಮುತ್ತಜ್ಜ ಐಚಣ್ಣನಿಗೆ ಕೊನೆಗೂ ಬೇಕಾಗಲಿಲ್ಲ.
ಕೈಲ್‌ಪೊಳ್ದಿಗೆ ಕೋವಿಯ ಬಾಯಿಗೆ ತೋಕ್‌ಪೂ ಸಿಕ್ಕಿಸಿದ,
ತೆಂಗಿನಕಾಯಿಗೆ ಗುರಿಯಿಟ್ಟ, ತಪ್ಪಿತು,
ನಲವತ್ತು ವರ್ಷ ಅದು ಗಾಳಿಯ ತಪ್ಪೆಂದ.
ಗದ್ದೆ ಬದುವಿಗಾಗಿ ಭಾವನ ಜೊತೆ ಮಾತು ಬಿಟ್ಟ.
ಹಂದಿಕರಿಗೆ ಕಾಚಂಪುಳಿ ಜಾಸ್ತಿಯೆಂದು
ಚೋಂದವ್ವನ ಮೇಲೆ ರೇಗಿ, ಎರಡು ಸಲ ಬಡಿಸಿಕೊಂಡ.
ವೀರನಲ್ಲ. ಎಪ್ಪತ್ತೊಂಬತ್ತರಲ್ಲಿ ಕೆಮ್ಮಿ ಸತ್ತ,
ಸ್ವಂತ ಹಾಸಿಗೆಯಲ್ಲಿ.

ನಮ್ಮೂರ ನಾಲ್ಕು ದಾರಿ ಕೂಡುವಲ್ಲಿ
ಹೆಸರು ಕೊರೆದ ಕಲ್ಲಿಲ್ಲ.
ಬರಿಯ ಜಾಗ. ಒಂದು ಮೇಕೆ ಮಲಗಿರುತ್ತದೆ,
ಬಸ್ಸು ಬಂದರೂ ಏಳುವುದಿಲ್ಲ.
ಅಲ್ಲಿ ದಾಟುವಾಗ ಯಾಕೋ
ನನ್ನ ಕೈ ತಾನಾಗಿ ಟೊಪ್ಪಿಗೆ ತೆಗೆಯುತ್ತದೆ.
'ಯಾರಿಗೆ?' ಮಗಳು ಕೇಳಿದಳು.

ಸ್ವಲ್ಪ ಹೊತ್ತು ನಿಂತೆ.
'ಮೇಕೆಗೆ' ಅಂದೆ.